ಆದರ್ಶ ಅನಿಲ, ನೈಜ ಅನಿಲ

‘ಆದರ್ಶ’ವೆಂಬುದು ನೋಡು ಎಂಬರ್ಥದ ‘ದೃಶ್’ ಧಾತುವಿನಿಂದ ಹುಟ್ಟಿದ ಶಬ್ದ. ಸಂಸ್ಕೃತದಲ್ಲಿ ಅದಕ್ಕೆ ಕನ್ನಡಿಯೆಂದರ್ಥ. ಕವಿರಾಜಮಾರ್ಗಕ್ಕೆ ಬಹುಮಟ್ಟಿಗೆ ಆಧಾರವಾದ ದಂಡಿಯ ‘ಕಾವ್ಯಾದರ್ಶ’ದಲ್ಲಿರುವುದು ಆ ಕನ್ನಡಿಯೇ. ‘ಅನಿಲ’ವಾದರೋ ಉಸಿರಾಡು ಎಂಬರ್ಥದ ‘ಅನ್’ ಧಾತುವಿನಿಂದ ಬಂದು, ಗಾಳಿಯೆಂಬ ಹಳೆಯ ಅರ್ಥವನ್ನು ಕಾವ್ಯಕ್ಕೆ ಬಿಟ್ಟು, ಶಾಸ್ತ್ರಗ್ರಂಥಗಳಲ್ಲಿ ಗ್ಯಾಸಿನ ಸ್ಥಾನವನ್ನು ಪಡೆದಿದೆ.

ಇವೆರಡೂ ಕೂಡಿ ಉಂಟಾದ ‘ಆದರ್ಶ ಅನಿಲ’ವು ಲೋಕದಲ್ಲಿ ಎಲ್ಲಿಯೂ ದೊರೆಯದ ವಸ್ತು: ಅದರ ಅಣುಗಳಿಗೆ ಗಾತ್ರವಿಲ್ಲ, ಪರಸ್ಪರಾಕರ್ಷಣೆಯಿಲ್ಲ, ಆದುದರಿಂದ ಎಷ್ಟು ಒತ್ತಿದರೂ, ಎಷ್ಟು ತಣಿಸಿದರೂ ಅದು ದ್ರವವಾಗಲಾರದು. ಅರಬ್ಬೀ ಸಮುದ್ರದ ತೇವವನ್ನು ಹೊತ್ತ ಗಾಳಿಯು ಚಾರ್ಮಾಡಿ ಘಾಟಿಯನ್ನೇರುತ್ತ ಹಿಗ್ಗಿ ತಣಿದು, ಕೊಟ್ಟಿಗೆಹಾರದಲ್ಲಿ ಎದುರಿನ ಬಸ್ಸೂ ಕಾಣದಂತೆ ಮಂಜಾಗಿ ಕವಿಯುವುದು ನೀರಾವಿಯ ಅಣುಗಳು ಒಂದನ್ನೊಂದು ಸೆಳೆಯುವುದರಿಂದಲೇ. ಅಲ್ಲಿಯ ಹೋಟೆಲುಗಳಲ್ಲಿ ನೀರುದೋಸೆಯ ಕಾವಲಿಯನ್ನು ಕಾಯಿಸುವ ಸಿಲಿಂಡರಿನೊಳಗೆ ಪ್ರೊಪೇನ್, ಬ್ಯೂಟೇನ್‌ಗಳು ಒತ್ತಡಕ್ಕೆ ಮಣಿದು ದ್ರವವಾಗಿರುವುದೂ ಅದರಿಂದಲೇ. ಅನಿಲಗಳೆಲ್ಲವೂ ಆದರ್ಶವನ್ನು ಚಾಚೂತಪ್ಪದೆ ಪಾಲಿಸಿದ್ದರೆ ಮಲೆನಾಡಿಗೆ ಮಳೆಯೂ ಇರುತ್ತಿರಲಿಲ್ಲ, ಕಾಫಿಯೂ ಇರುತ್ತಿರಲಿಲ್ಲ! ಆದರೂ ನಾವು ಉಸಿರಾಡುವ ಒಣಗಾಳಿಯು ಸಾಮಾನ್ಯ ಒತ್ತಡದಲ್ಲಿ ಆದರ್ಶಕ್ಕೆ ಬಹು ಸಮೀಪವಾಗಿಯೇ ವರ್ತಿಸುತ್ತದೆ. ಒತ್ತಡ ಹೆಚ್ಚಿ ಉಷ್ಣತೆ ತಗ್ಗಿದಂತೆಲ್ಲ ಅಂತರ ಬೆಳೆಯುತ್ತದೆ.

‘ಆದರ್ಶ’ಕ್ಕೆ ಎದುರುಪದವಾದ ‘ನೈಜ’ವು ‘ನಿಜ’ದಿಂದ ಬಂದುದು. ಕನ್ನಡಿಗರಿಗೆ ನಿಜವೆಂದರೆ ಸತ್ಯ. ಸಂಸ್ಕೃತದಲ್ಲಿ ತನ್ನದು, ಸ್ವಂತದ್ದು ಎಂದರ್ಥ. ಈ ಎರಡನೆಯ ಅರ್ಥವೇ ಇಲ್ಲಿ ಹೆಚ್ಚು ಒಪ್ಪುವುದೆಂದು ನನಗೆ ತೋರುತ್ತದೆ. ಏಕೆಂದರೆ 1873ರಲ್ಲಿ ಡಚ್ ವಿಜ್ಞಾನಿ ವಾನ್ ಡರ್ ವಾಲ್ಸನು ಆಕರ್ಷಣೆಗೊಂದು, ಗಾತ್ರಕ್ಕೊಂದು ಎಂದು ಆದರ್ಶ ಅನಿಲದ ಸಮೀಕರಣದಲ್ಲಿ ಸೇರಿಸಿದ ಎರಡು ಸ್ಥಿರಾಂಕಗಳು ಒಂದೊಂದು ಅನಿಲಕ್ಕೂ ಬೇರೆಬೇರೆ.