ಜ್ಯೋತಿ (ಧ್ವನಿಮುದ್ರಿಕೆ)

ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಡನೆ ಸೇರಿ ಮಾಡಿದ ಧ್ವನಿಮುದ್ರಿಕೆ. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ ಮುದ್ರಣಗೊಂಡ ಇದನ್ನು ಮ್ಯೂನಿಕ್‌ನ ಇಸಿಎಂ ಸಂಸ್ಥೆ ಅದೇ ವರ್ಷ ಹೊರತಂದಿತು. ನಿರ್ಮಾಪಕರು ಮ್ಯಾನ್‌ಫ್ರೆಡ್ ಐಶರ್.

ಜಾಜ್ ಎಂದೊಡನೆ ನೆನಪಾಗುವ ಪಿಯಾನೊ, ಬಾಸ್, ಡ್ರಮ್ಸ್ ಯಾವುದೂ ಇದರಲ್ಲಿಲ್ಲ. ಇರುವವರು ಐವರೇ: ಗಾಯನ ಮತ್ತು ತಂಬೂರಿಗೆ ಆರ್.ಎ. ರಮಾಮಣಿ, ಮೃದಂಗಕ್ಕೆ ಟಿ.ಎ.ಎಸ್. ಮಣಿ, ಘಟ ಹಾಗೂ ಮೋರ್ಸಿಂಗಿಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್, ಸ್ಯಾಕ್ಸೊಫೋನ್ ಮತ್ತು ಕೊಳಲಿಗೆ ಮರಿಯಾನೊ. ರಾಜಗೋಪಾಲ್, ಶಶಿಕುಮಾರ್ ಇಬ್ಬರೂ ಕೊನ್ನಕ್ಕೋಲನ್ನೂ, ಅಂದರೆ ತಾಳವಾದ್ಯದ ಸೊಲ್ಲುಗಳನ್ನು ಬಾಯಲ್ಲೂ, ಹೇಳುತ್ತಾರೆ. ಕೆಲವೇ ಜನ ಹತ್ತಿರ ಕೂತು, ಒಬ್ಬರು ಇನ್ನೊಬ್ಬರಿಗೆ ಕಿವಿಗೊಟ್ಟು ನುಡಿಸುವ ಈ ಬಗೆಯನ್ನು ಪಶ್ಚಿಮದವರು ಚೇಂಬರ್ ಜಾಜ್ ಎನ್ನುತ್ತಾರೆ. ನಮ್ಮಲ್ಲಿ ಮನೆಯ ಪಡಸಾಲೆಯಲ್ಲಿ ಕಚೇರಿ ಕೇಳಿದವರಿಗೆ ಇದೇನೂ ಹೊಸದಲ್ಲ.

ಮಣಿಯವರು 1964ರಲ್ಲಿ ಕಟ್ಟಿದ ಕಾಲೇಜಿನಲ್ಲಿ ತಾಳವಾದ್ಯವೇ ಮುಖ್ಯ ವಿದ್ಯೆ. ಸಾಮಾನ್ಯ ಕಚೇರಿಯಲ್ಲಿ ಮೃದಂಗ ಪಕ್ಕವಾದ್ಯ, ಘಟ ಮತ್ತು ಖಂಜಿರ ಉಪಪಕ್ಕವಾದ್ಯ. ತಾಳವಾದ್ಯಗಳೇ ನುಡಿಯುವ ತನಿ ಆವರ್ತನ ಬರುವವರೆಗೆ ಅವು ಹಿಂದೆಯೇ ಉಳಿಯುತ್ತವೆ. ‘ಜ್ಯೋತಿ’ಯಲ್ಲಿ ಆ ಶ್ರೇಣಿ ಸಡಿಲವಾಗಿದೆ. ಬಾಯಲ್ಲಿ ಹೇಳಿದ ಸೊಲ್ಲು ಚರ್ಮದ ಮೇಲೆ, ಮಣ್ಣಿನ ಮೇಲೆ ಮರುನುಡಿಯುತ್ತದೆ. ಕೋರ್ವೆಯ (ಮುಕ್ತಾಯದ ಲಯವಿನ್ಯಾಸದ) ಲೆಕ್ಕ ಮುಗಿದು ಎಡುಪಿಗೆ (ಹಾಡು ಎತ್ತಿಕೊಳ್ಳುವ ಜಾಗಕ್ಕೆ) ಬಂದು ನಿಲ್ಲುವ ಸುಖ ಜಾಜ್ ಕೇಳುಗನಿಗೂ ತಲುಪುವಂತೆ ಹೆಣೆಯಲಾಗಿದೆ.

ಮರಿಯಾನೊ (1923–2009) ಬಾಸ್ಟನ್‌ನವರು. ಚಾರ್ಲಿ ಪಾರ್ಕರ್‌ನ ಬೀಬಾಪ್ ಎಂಬ ವೇಗದ ಜಾಜ್ ಶೈಲಿಯ ಪ್ರಭಾವದಲ್ಲಿ ಬೆಳೆದು, ಚಾರ್ಲ್ಸ್ ಮಿಂಗಸ್‌ನ 1963ರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ನುಡಿಸಿದವರು. 1960ರ ದಶಕದಲ್ಲಿ ಮಲೇಷ್ಯದಲ್ಲಿದ್ದಾಗ ನಾದಸ್ವರ ಅವರ ಕಿವಿಗೆ ಬಿತ್ತು. ಮುಂದೆ ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತರು. ಈ ಮುದ್ರಿಕೆಯಲ್ಲಿ ಅವರು ನಾದಸ್ವರ ಹಿಡಿದಿಲ್ಲ. ಆದರೂ ಸ್ವರವನ್ನು ಎಳೆದು ಬಾಗಿಸುವ ರೀತಿಯಲ್ಲಿ ಆ ಕಲಿಕೆ ಕೇಳಿಸುತ್ತದೆ. ರಾಗಸಂಗೀತದಲ್ಲಿ ಕಾರ್ಡ್‌ಗಳ ಬದಲಾವಣೆ ಇಲ್ಲದ್ದರಿಂದ ಬೀಬಾಪಿನ ಓಟ ಇಲ್ಲಿ ಕೆಲಸಕ್ಕೆ ಬಾರದು. ಶ್ರುತಿಯನ್ನು ಬಿಡದೆ ಮನೋಧರ್ಮವನ್ನು ಬೆಳೆಸಬೇಕು. ಅವರು ಹಲವೆಡೆ ಕಡಿಮೆ ನುಡಿಸಿಯೇ ಗೆದ್ದಿದ್ದಾರೆ.

ಮುದ್ರಿಕೆಯ ಜೀವ ರಮಾಮಣಿಯವರ ಕಂಠ. ಮೊದಲ ಭಾಗದ ಹೆಸರೇ ‘ವಾಯ್ಸ್ ಸೋಲೊ’. ಅನಂತರ ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ಕೊನೆಗೆ ‘ಭಜನ್’. ಇಸಿಎಂ ಮುದ್ರಣಗಳಲ್ಲಿ ನಾದದ ಸುತ್ತ ಸಾಕಷ್ಟು ಬಯಲನ್ನು ಬಿಡುವ ಪರಿಪಾಠವಿದೆ. ಆ ಬಯಲಿನಲ್ಲಿ ರಮಾಮಣಿಯವರ ಸ್ವರ ಕೆಲವೊಮ್ಮೆ ಸಾಹಿತ್ಯದ ಹಂಗಿಲ್ಲದೆ ವಾದ್ಯದಂತೆ ಸಂಚರಿಸುತ್ತದೆ. ಸಂಪ್ರದಾಯದ ಕಿವಿಗೆ ಈ ವಿಶಾಲ ಗುಂಗು ತುಸು ಅತಿಯೆನಿಸಿದರೆ ಆಶ್ಚರ್ಯವಿಲ್ಲ. ಕಚೇರಿಯ ಬಿಸಿ ಇಲ್ಲಿ ತಣ್ಣಗಾಗಿದೆ.

ಜಾಜ್ ಮತ್ತು ಭಾರತೀಯ ಸಂಗೀತದ ಇಂಥ ಕೂಡಿಕೆಗೆ ಮೊದಲೇ ದಾರಿ ತೆರೆದಿತ್ತು. ಲಂಡನ್‌ನಲ್ಲಿ ಜೋ ಹ್ಯಾರಿಯಟ್ ಮತ್ತು ಕೊಲ್ಕತ್ತಾ ಮೂಲದ ಜಾನ್ ಮೇಯರ್ 1960ರ ದಶಕದಲ್ಲೇ ಇಂಡೋ-ಜಾಜ್ ಪ್ರಯೋಗ ನಡೆಸಿದ್ದರು. 1970ರ ದಶಕದ ‘ಶಕ್ತಿ’ ತಂಡದಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಜತೆ ಚೆನ್ನೈನ ವಿಕ್ಕು ವಿನಾಯಕರಾಂ ಘಟ ನುಡಿಸಿದರು. ಶಕ್ತಿಯ ಬಲ ವೇಗದಲ್ಲಿ, ಗಿಟಾರ್ ಮತ್ತು ಪಿಟೀಲಿನ ಜುಗಲ್‌ಬಂದಿಯಲ್ಲಿ. ‘ಜ್ಯೋತಿ’ಯಲ್ಲಿ ಹೆಣ್ಣಿನ ಕಂಠ ಮುಂದೆ ನಿಂತು ಪಶ್ಚಿಮದ ವಾದ್ಯ ಅದನ್ನು ಅನುಸರಿಸುತ್ತದೆ. ಅದೇ ಕಾಲಕ್ಕೆ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನನ್ನೇ ಕರ್ನಾಟಕ ಸಂಗೀತದ ವೇದಿಕೆಗೆ ಒಗ್ಗಿಸುತ್ತಿದ್ದರು. ಅವರು ವಾದ್ಯವನ್ನು ಕಚೇರಿಗೆ ತಂದರು. ಬೆಂಗಳೂರಿನ ತಂಡ ತನ್ನ ತಾಳವಿದ್ಯೆಯನ್ನು ಜಾಜ್ ಕೇಳುಗರ ಬಳಿಗೆ ಒಯ್ದಿತು.

ಕಾಲೇಜಿನ ತಂಡ 1982ರಲ್ಲೇ ಜರ್ಮನಿಯ ಡಿಸಿಡೆಂಟನ್ ತಂಡದ ಜತೆ ‘ಜರ್ಮನಿಸ್ತಾನ್’ ಮುದ್ರಿಸಿತ್ತು. ಮರಿಯಾನೊ ಜತೆಗಿನ ಒಡನಾಟವೂ ‘ಜ್ಯೋತಿ’ಗೆ ನಿಲ್ಲದೆ ಮುಂದುವರಿಯಿತು. ಮಣಿಯವರು 2020ರಲ್ಲಿ ನಿಧನರಾದರು.