ಆಟೋ ಬೆನ್ನ ಮೇಲಿನ ಲಾಂಗು

ಬಿಟಿಎಂ ಲೇಔಟ್‌ನ ಉಡುಪಿ ಗಾರ್ಡನ್ ಸಿಗ್ನಲ್‌ನಲ್ಲಿ ಕಾಯೋವಾಗ ಮುಂದಿನ ಆಟೋದ ಬೆನ್ನು ನೋಡಿ. ಎಷ್ಟೋ ಸಲ ಅಲ್ಲಿ ಲಾಂಗು ಹಿಡಿದ ಶಿವಣ್ಣ ಇರ್ತಾರೆ. ಎಲ್ಲಿಂದ ಬಂತು ಈ ಚಿತ್ರ?

ಎಂಬತ್ತರ ದಶಕದಲ್ಲಿ ಬೆಂಗಳೂರನ್ನು ನಡುಗಿಸಿದ ಹೆಸರುಗಳು ಜಯರಾಜ್ ಮತ್ತು ಕೊತ್ವಾಲ್ ರಾಮಚಂದ್ರ. ಕೊತ್ವಾಲನ ಕೊಲೆಯಾಗಿದ್ದು 1986ರಲ್ಲಿ. ಜಯರಾಜನದು 1989ರಲ್ಲಿ, ಇಲ್ಲೇ ಲಾಲ್‌ಬಾಗ್ ಹತ್ತಿರ. ಹೆಚ್ಚಿನವರಿಗೆ ಅವರು ಬರೀ ಪೇಪರ್ ಸುದ್ದಿ, ಬಾಯಿಮಾತು. ರೌಡಿಗೆ ದೊಡ್ಡ ಪರದೆಯ ಖದರ್ ಕೊಟ್ಟಿದ್ದು 1995ರ ‘ಓಂ’. ಉಪೇಂದ್ರ ಅದರಲ್ಲಿ ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ್ರು. ಹತ್ತು ವರ್ಷದ ನಂತರ ‘ಜೋಗಿ’ ಬಂತು. ಲಾಂಗು ಆಟೋ ಏರಿತು.

ಆದರೆ ಕಥೆ ನೆನಪಿದೆಯಾ? ‘ಓಂ’ನ ಸತ್ಯ ಪುರೋಹಿತರ ಮಗ, ಹಾದಿ ತಪ್ಪಿದವನು. ‘ಜೋಗಿ’ಯಲ್ಲಿ ಮಗನನ್ನು ಹುಡುಕಿಕೊಂಡು ಬಂದ ತಾಯಿ ಅವನು ಸಿಗುವ ಮೊದಲೇ ಸಾಯ್ತಾಳೆ. ಹೆಣ ಯಾರದು ಅಂತ ಗೊತ್ತಿಲ್ಲದೆ ಮಗ ಅದರ ಮುಂದೆ ಕುಣೀತಾನೆ. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಆಧರಿಸಿದ 2007ರ ‘ಆ ದಿನಗಳು’ ಸಿನಿಮಾದಲ್ಲಂತೂ ಕೊತ್ವಾಲನ ಕೊಲೆಗೆ ಮುಂಚಿನ ಭಯವೇ ಜಾಸ್ತಿ.

ಸ್ಟಿಕ್ಕರ್‌ನಲ್ಲಿ ಇದ್ಯಾವುದೂ ಇಲ್ಲ. ಲಾಂಗು ಉಳಿದಿದೆ, ತಾಯಿ ಇಲ್ಲ. ಅದನ್ನಷ್ಟೇ ನೋಡಿ ಬೆಳೆಯೋ ಹುಡುಗನಿಗೆ ಉಳಿದ ಕಥೆ ಹೇಳೋರು ಯಾರು?