ಗೆರೆಯ ನೆನಪು ಯಾರ ಹೊಣೆ? ಟಿಕೆ ಕ್ಯಾನ್ವಾಸ್ ಚರಿತ್ರೆಯ ಒಂದು ಓದು

1980ರ ದಶಕದ ಕೊನೆಯಲ್ಲಿ ಯುನಿಕ್ಸ್ ಯಂತ್ರಗಳ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಗೆರೆ ಎಳೆಯುವುದು ಸುಲಭವಿತ್ತು, ಉಳಿಸಿಕೊಳ್ಳುವುದು ಕಷ್ಟವಿತ್ತು. ಸಿ ಭಾಷೆಯಲ್ಲಿ ಒಂದು ಫಂಕ್ಷನ್ ಕರೆದರೆ ಗೆರೆ ಮೂಡುತ್ತಿತ್ತು. ಆದರೆ ಅದರ ಮೇಲೆ ಬೇರೊಂದು ವಿಂಡೋ ಬಂದು ಸರಿದರೆ, ಮುಚ್ಚಿಹೋಗಿದ್ದ ಜಾಗವನ್ನು ಮತ್ತೆ ಬಿಡಿಸು ಎಂದು ವ್ಯವಸ್ಥೆ ಪ್ರೋಗ್ರಾಮಿಗೆ ಸೂಚನೆ ಕಳಿಸಿ ಸುಮ್ಮನಾಗುತ್ತಿತ್ತು. ಅಲ್ಲಿ ಯಾವ ಗೆರೆಯಿತ್ತು, ಎಲ್ಲಿಂದ ಎಲ್ಲಿಗೆ, ಯಾವ ಬಣ್ಣದಲ್ಲಿ ಎಂಬ ಲೆಕ್ಕವೆಲ್ಲ ಪ್ರೋಗ್ರಾಂ ಬರೆದವರದೇ. ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಗೆರೆ ಎಳೆಯುವ ಚರಿತ್ರೆಯನ್ನು ಈ ಹೊಣೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಪ್ರಶ್ನೆಯಿಂದಲೇ ಓದಬೇಕು ಎಂಬುದು ಈ ಲೇಖನದ ವಾದ.

ಗೆರೆಯನ್ನು ಬಿಂದುಗಳಾಗಿ ಒಡೆಯುವ ಗಣಿತ ಅಷ್ಟರಲ್ಲಾಗಲೇ ಹಳೆಯದಾಗಿತ್ತು. ಐಬಿಎಂನ ಜಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ಪ್ಲಾಟರ್ ಯಂತ್ರಕ್ಕಾಗಿ ರೂಪಿಸಿ 1965ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ಪೂರ್ಣಾಂಕಗಳ ಕೂಡುವಿಕೆ ಮತ್ತು ಒಂದು ಚಿಹ್ನೆಯ ಪರೀಕ್ಷೆ ಸಾಕಾಗುತ್ತಿತ್ತು. ಗೆರೆಯನ್ನು ನೆನಪಿಡುವ ಕಲ್ಪನೆಯೂ ಹೊಸದಲ್ಲ. 1963ರಲ್ಲಿ ಐವನ್ ಸದರ್ಲೆಂಡ್ ಅವರ ಸ್ಕೆಚ್‌ಪ್ಯಾಡ್, ಲೈಟ್ ಪೆನ್ನಿನಿಂದ ಎಳೆದ ಗೆರೆಗಳನ್ನು ಒಂದಕ್ಕೊಂದು ಸಂಬಂಧವಿರುವ ವಸ್ತುಗಳಾಗಿಯೇ ಇಟ್ಟುಕೊಂಡಿತ್ತು. ಆದರೆ ಅದು ಟಿಎಕ್ಸ್-2 ಎಂಬ ಪ್ರಯೋಗಾಲಯದ ಯಂತ್ರದಲ್ಲಿ ಮಾತ್ರ ಓಡುತ್ತಿತ್ತು.

ಆ ನೆನಪನ್ನು ಒಂದೇ ಸಾಲಿನ ಆಜ್ಞೆಗೆ ಇಳಿಸಿದವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಔಸ್ಟರ್‌ಹೌಟ್. 1988ರಲ್ಲಿ ಅವರು ಟಿಕಲ್ ಎಂಬ ಸ್ಕ್ರಿಪ್ಟಿಂಗ್ ಭಾಷೆಯನ್ನು ಬರೆಯತೊಡಗಿದರು. ಅದರ ಬೆನ್ನಿಗೇ ಗುಂಡಿ, ಪಟ್ಟಿ, ಮೆನುಗಳನ್ನು ಕಟ್ಟುವ ಟಿಕೆ ಬಂತು. ಟಿಕೆಯಲ್ಲಿ ಚಿತ್ರ ಬಿಡಿಸುವ ಜಾಗವಾದ ಕ್ಯಾನ್ವಾಸಿಗೆ ಪ್ರೇರಣೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಸಂಶೋಧನಾಲಯದ ಜೋಯೆಲ್ ಬಾರ್ಟ್ಲೆಟ್ ಸ್ಕೀಮ್ ಭಾಷೆಯ ಪರಿಸರದಲ್ಲಿ ರಚಿಸಿದ ಈಝೆಡ್‌ಡಿ ಎಂಬ ಪ್ರೋಗ್ರಾಂ. ಈ ಋಣವನ್ನು ಟಿಕೆಯ ಕೈಪಿಡಿಯೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ. ತಂತ್ರಾಂಶದ ಚರಿತ್ರೆ ಬರೆಯುವವರಿಗೆ ಇಂಥ ಪ್ರಾಮಾಣಿಕತೆ ದೊಡ್ಡ ಉಪಕಾರ.

ಆಜ್ಞೆಯನ್ನು ಹತ್ತಿರದಿಂದ ನೋಡೋಣ. ಕ್ಯಾನ್ವಾಸಿನ ಹೆಸರು, ‘ಕ್ರಿಯೇಟ್ ಲೈನ್’, ಆಮೇಲೆ 10 10 200 50 ಎಂಬ ನಾಲ್ಕು ಸಂಖ್ಯೆಗಳು, ಗೆರೆಯ ಒಂದೊಂದು ತುದಿಗೆ ಎರಡೆರಡು ಅಳತೆ. ಎಡ ಮೇಲ್ತುದಿಯೇ ಸೊನ್ನೆ. ಕೆಳಗಿಳಿದಂತೆ ಎರಡನೆಯ ಅಳತೆ ಹೆಚ್ಚುತ್ತದೆ. ಗೆರೆ ಮೂಡುತ್ತದೆ, ಜೊತೆಗೆ ಆಜ್ಞೆ ಒಂದು ಸಂಖ್ಯೆಯನ್ನು ಮರಳಿಸುತ್ತದೆ: ಮೊದಲ ಗೆರೆಯಾದರೆ 1. ಈ ಪುಟ್ಟ ಸಂಖ್ಯೆಯಲ್ಲೇ ಇಡೀ ಬದಲಾವಣೆ ಅಡಗಿದೆ. ಅದನ್ನು ಹಿಡಿದು ಗೆರೆಯ ಬಣ್ಣ ಬದಲಿಸಬಹುದು, ತುದಿಗೆ ಬಾಣ ಹಾಕಬಹುದು, ಇಡೀ ಗೆರೆಯನ್ನೇ ಆಚೆ ಸರಿಸಬಹುದು. ಹಲವು ಗೆರೆಗಳಿಗೆ ಒಂದೇ ಟ್ಯಾಗ್ ಕೊಟ್ಟು ಒಟ್ಟಿಗೆ ಕದಲಿಸಬಹುದು. ಮೌಸ್ ಗೆರೆಯನ್ನು ಮುಟ್ಟಿದಾಗ ಏನಾಗಬೇಕೆಂದು ಆ ಗೆರೆಗೇ ಕಟ್ಟಿಡಬಹುದು. ಮೇಲೆ ಬಂದ ವಿಂಡೋ ಸರಿದರೆ ಮತ್ತೆ ಬಿಡಿಸುವ ಕೆಲಸ ಕ್ಯಾನ್ವಾಸಿನದು.

ಇದೇ ಕ್ಯಾನ್ವಾಸ್ ಟಿಕಿಂಟರ್ ಎಂಬ ಹೆಸರಿನಲ್ಲಿ ಪೈಥಾನಿಗೂ ಬಂತು. ಲೋಗೋ ಭಾಷೆಯಿಂದ ಪೈಥಾನಿಗೆ ಬಂದ, ಆಜ್ಞೆಯಂತೆ ನಡೆದು ಗೆರೆ ಎಳೆಯುವ ಆಮೆಯೂ ಅದರ ಮೇಲೆಯೇ ನಡೆಯುತ್ತದೆ. ‘ಮುಂದೆ ನೂರು’ ಎಂದು ಮಗು ಬರೆದಾಗ ಒಳಗೆ ನಡೆಯುವುದು ಟಿಕೆ ಗೆರೆಯೊಂದಕ್ಕೆ ಹೊಸ ಬಿಂದು ಸೇರಿಸುವ ಕೆಲಸ. ಬಿಂದುಗಳು 42 ದಾಟಿದರೆ ಪೈಥಾನ್ ಆ ಗೆರೆಯನ್ನು ಅಲ್ಲಿಗೆ ನಿಲ್ಲಿಸಿ ಹೊಸದನ್ನು ಶುರುಮಾಡುತ್ತದೆ. ಬೆಳೆಯುತ್ತಲೇ ಹೋಗುವ ಗೆರೆಯನ್ನು ಪ್ರತಿ ಹೆಜ್ಜೆಗೂ ಮೊದಲಿಂದ ಬಿಡಿಸುವುದು ನಿಧಾನ. ನೆನಪಿಗೂ ಬೆಲೆಯಿದೆ.

ಆ ಬೆಲೆಯನ್ನು ಕೊಡದಿರುವ ದಾರಿ ಹಿಡಿದದ್ದು ಬ್ರೌಸರಿನ ಕ್ಯಾನ್ವಾಸ್. 2004ರಲ್ಲಿ ಆಪಲ್ ಅದನ್ನು ತನ್ನ ಬ್ರೌಸರ್ ಎಂಜಿನ್ ವೆಬ್‌ಕಿಟ್‌ಗೆ ಸೇರಿಸಿತು. ಹೆಸರು ಒಂದೇ, ಸ್ವಭಾವ ತದ್ವಿರುದ್ಧ. ಜಾವಾಸ್ಕ್ರಿಪ್ಟ್‌ನಲ್ಲಿ ‘ಮೂವ್‌ಟು’, ‘ಲೈನ್‌ಟು’, ‘ಸ್ಟ್ರೋಕ್’ ಎಂದೊಡನೆ ಗೆರೆ ಪಿಕ್ಸೆಲ್‌ಗಳಲ್ಲಿ ಕರಗುತ್ತದೆ. ಕೈಗೆ ಯಾವ ಸಂಖ್ಯೆಯೂ ಬರುವುದಿಲ್ಲ. ಈ ಪದಗಳ ಬೇರು 1980ರ ದಶಕದ ಮುದ್ರಣ ಭಾಷೆ ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿದೆ. ಅಲ್ಲಿ ಹಾಳೆಗೆ ಮಸಿ ತಾಗಿದರೆ ಕೆಲಸ ಮುಗಿಯಿತು, ಮರೆತರೂ ನಷ್ಟವಿರಲಿಲ್ಲ. ಕ್ಷಣಕ್ಕೆ ಹಲವು ಬಾರಿ ಇಡೀ ದೃಶ್ಯವನ್ನು ಅಳಿಸಿ ಬರೆಯುವ ಆಟಗಳಿಗೂ ಇದು ಹೊಂದುತ್ತದೆ. ನಕ್ಷೆಯ ಒಂದು ಗೆರೆಯನ್ನು ಬೆರಳಿನಿಂದ ಎಳೆದು ಸರಿಸಬೇಕಾದಲ್ಲಿ ಮಾತ್ರ 1980ರ ದಶಕದ ಸಿ ಪ್ರೋಗ್ರಾಮರನ ಪಾಡೇ ಮರಳುತ್ತದೆ. ಹಾಗಾಗಿಯೇ ಫ್ಯಾಬ್ರಿಕ್‌ನಂಥ ಲೈಬ್ರರಿಗಳು ಬ್ರೌಸರ್ ಕ್ಯಾನ್ವಾಸಿನ ಮೇಲೆ ಗೆರೆಗಳ ಪಟ್ಟಿಯೊಂದನ್ನು ಮತ್ತೆ ಕಟ್ಟಿವೆ. ಆ ಪಟ್ಟಿಯಲ್ಲಿ ಪ್ರತಿ ಗೆರೆಯೂ ಮತ್ತೆ ಒಂದು ವಸ್ತು, ಟಿಕೆಯಲ್ಲಿ ಇದ್ದಂತೆಯೇ.